ಕೆಟ್ಟ ವರ್ಷದ ಸಾಲ

ಆರ್ಥಿಕ ಹಿಂಜರಿತ ಬಂದರೆ ಮೊದಲು ಮುಳುಗುವುದು ಸಣ್ಣ ಬ್ಯಾಂಕು, ಸೊಸೈಟಿ; ದುಡ್ಡಿದ್ದರೆ ದೊಡ್ಡ ಬ್ಯಾಂಕಿನಲ್ಲಿಡಿ. ಈ ಮಾತನ್ನು ಬಳ್ಳಾರಿಯ ಓದಿದವರೂ ಹೇಳುತ್ತಾರೆ, ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂಥ ಊರುಗಳಲ್ಲಿ ಕಾಲುವೆ ನೀರು ನಂಬಿ ಭತ್ತ, ಮೆಣಸಿನಕಾಯಿ ಬೆಳೆಯುವವರೂ ಹೇಳುತ್ತಾರೆ. ಇದಕ್ಕೆ ಎದುರಾದ ಮಾತು ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹದ ವೇದಿಕೆಗಳಲ್ಲಿ ಕೇಳಿಬರುತ್ತದೆ: ಸ್ಥಳೀಯ ಸಂಘ ಜನರನ್ನು ಬಲ್ಲದು, ಆದ್ದರಿಂದ ಎಂಥ ಬಿರುಗಾಳಿಗೂ ಅದು ಅಲುಗುವುದಿಲ್ಲ.

ಎರಡನ್ನೂ ನಾನು ಒಪ್ಪುವುದಿಲ್ಲ. ಹೊರಗಿನಿಂದ ಎದುರುಬದುರಾಗಿ ಕಂಡರೂ ಎರಡರ ಪ್ರಶ್ನೆ ಒಂದೇ: ಕಷ್ಟಕಾಲದಲ್ಲಿ ಬ್ಯಾಂಕು ಉಳಿಯಿತೇ, ಇಲ್ಲವೇ? ಬೆಲೆ ಬಿದ್ದ ವರ್ಷ ಮೆಣಸಿನಕಾಯಿ ರೈತ ಕೇಳುವುದು ಬೇರೆಯೇ. ಮುಂದಿನ ಬೀಜ, ಗೊಬ್ಬರ, ಔಷಧಕ್ಕೆ ಸಾಲ ಹುಟ್ಟುತ್ತದೆಯೇ, ಹುಟ್ಟಿದರೆ ಎಲ್ಲಿ, ಯಾವ ಬಡ್ಡಿಗೆ? ಬ್ಯಾಂಕಿನ ಬಾಗಿಲು ತೆರೆದೇ ಇದ್ದು ಒಳಗಿನಿಂದ ಸಾಲ ಹೊರಡದಿದ್ದರೆ, ಅದು ಉಳಿದದ್ದು ಅದರ ಆಡಳಿತ ಮಂಡಳಿಗೆ ಸಮಾಧಾನ ತರಬಹುದು, ಊರಿಗಲ್ಲ. ಸ್ಥಳೀಯ ಬ್ಯಾಂಕುಗಳನ್ನು ಅಳೆಯಬೇಕಾದ್ದು ಅವು ಕೆಟ್ಟ ವರ್ಷ ಏನು ಮಾಡುತ್ತವೆ ಎಂಬುದರಿಂದ. ಹಾಗೆ ಅಳೆದರೆ ಪ್ರಚಲಿತ ಅಭಿಪ್ರಾಯಗಳೆರಡೂ ನಿಲ್ಲುವುದಿಲ್ಲ.

ಮೊದಲಿಗೆ, ಯಾವುದು ನಮ್ಮ ಹಿಂಜರಿತ? ಪತ್ರಿಕೆಗಳು 2008 ಎನ್ನುತ್ತವೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಬ್ಯಾಂಕು ಬಿದ್ದಾಗ ಕಬ್ಬಿಣದ ಅದಿರಿನ ಬೆಲೆ ಕೆಲವು ತಿಂಗಳು ಕುಸಿದದ್ದು ನಿಜ. ಚೀನಾದ ಬೇಡಿಕೆ ಮತ್ತೆ ಎದ್ದಿತು. 2009, 2010 ಬಳ್ಳಾರಿ ಜಿಲ್ಲೆಯ ಮಟ್ಟಿಗೆ ಅದಿರಿನ ಅಬ್ಬರದ ವರ್ಷಗಳು. ನಮ್ಮ ಹಿಂಜರಿತ ಬಂದದ್ದು 2011ರ ಜುಲೈ 29ರಂದು, ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ದಿನ. ಎರಡು ದಿನ ಮೊದಲಷ್ಟೇ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸರ್ಕಾರದ ಕೈ ಸೇರಿತ್ತು. ಆ ಆದೇಶ ಬೇಕಾಗಿತ್ತು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸಾಲ ಮಾಡಿ ಲಾರಿ ಕೊಂಡಿದ್ದವರ ಲಾರಿಗಳು ಸಂಡೂರು, ಹೊಸಪೇಟೆಯ ಬಯಲುಗಳಲ್ಲಿ ನಿಂತುಬಿಟ್ಟವು. ದೇಶದ ಲೆಕ್ಕದಲ್ಲಿ ಅದು ಹಿಂಜರಿತದ ವರ್ಷವೇ ಅಲ್ಲ.

2020ರಲ್ಲಿ ಇದು ತಿರುವುಮುರುವಾಯಿತು. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪನ್ನ ಶೇ 23.9ರಷ್ಟು ಕುಗ್ಗಿತೆಂದು ಮೊದಲ ಅಂದಾಜು ಹೇಳಿತು; ಅದೇ ಅಂದಾಜಿನಲ್ಲಿ ಕೃಷಿ ಶೇ 3.4ರಷ್ಟು ಬೆಳೆದಿತ್ತು. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಯುವವರ ಮಿಷಿನ್ನುಗಳು ಲಾಕ್‌ಡೌನ್‌ನಲ್ಲಿ ನಿಂತವು, ಸಿರುಗುಪ್ಪದ ಭತ್ತ ನಿಲ್ಲಲಿಲ್ಲ. ಒಂದೇ ಜಿಲ್ಲೆಯ ನಗರಕ್ಕೂ ಗದ್ದೆಗೂ ಹಿಂಜರಿತ ಒಂದೇ ದಿನ ಬರುವುದಿಲ್ಲ ಎಂದಮೇಲೆ, 'ಹಿಂಜರಿತದಲ್ಲಿ ಸ್ಥಳೀಯ ಬ್ಯಾಂಕುಗಳು ಹೀಗಿರುತ್ತವೆ' ಎಂದು ದೇಶದ ಅಂಕಿ ಹಿಡಿದು ತೀರ್ಪು ಕೊಡುವುದು ದುಡುಕು. ನಮ್ಮ ಕಡೆ ಹಿಂಜರಿತ ಬರುವ ದಾರಿ ಎರಡು. ಒಂದು ತುಂಗಭದ್ರಾ ಕಾಲುವೆ, ಇನ್ನೊಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ.

ಈಗ ಸಣ್ಣ ಬ್ಯಾಂಕು ಮೊದಲು ಮುಳುಗುತ್ತದೆ ಎಂಬ ಮಾತಿಗೆ ಬರೋಣ. ಅದನ್ನು ಹೇಳುವವರು ಕೊಡುವ ಉದಾಹರಣೆ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕ್. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಅದರ ಮೇಲೆ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಜೀವಮಾನದ ಉಳಿತಾಯ ಅಲ್ಲಿಟ್ಟಿದ್ದ ನಿವೃತ್ತರು ವರ್ಷಗಟ್ಟಲೆ ಪಟ್ಟ ಪಾಡನ್ನು ಯಾರೂ ಹಗುರಾಗಿ ನೋಡಬಾರದು. ಆದರೆ ತಾರೀಖು ನೋಡಿ. ಲಾಕ್‌ಡೌನ್ ಆಗ ಇನ್ನೂ ಎರಡು ತಿಂಗಳು ಮುಂದಿತ್ತು. ಆ ಬ್ಯಾಂಕಿನ ಮೇಲಿದ್ದದ್ದು ಸಾಲ ನೀಡಿಕೆಯಲ್ಲಿ ಅಕ್ರಮದ ಆರೋಪ. 2019ರ ಸೆಪ್ಟೆಂಬರ್‌ನಲ್ಲಿ ಸಿಕ್ಕಿಬಿದ್ದ ಮುಂಬೈಯ ಪಿಎಂಸಿ ಬ್ಯಾಂಕು ಒಂದೇ ಕಟ್ಟಡ ಕಂಪನಿಗಳ ಗುಂಪಿಗೆ ಸಾಲ ಸುರಿದು ಕೆಟ್ಟಿತು. 2001ರಲ್ಲಿ ಗುಜರಾತಿನ ಮಾಧವಪುರ ಬ್ಯಾಂಕು ಷೇರುಪೇಟೆಯ ಕೇತನ್ ಪಾರೇಖ್‌ಗೆ ಸಾಲ ಕೊಟ್ಟು ಕೆಟ್ಟಿತು. ಸಣ್ಣದು ಎಂಬ ಕಾರಣಕ್ಕೆ ಕೆಟ್ಟವಲ್ಲ ಇವು. ತಮ್ಮ ಓಣಿ ಬಿಟ್ಟು ದೊಡ್ಡ ಕುಳಗಳ ಬೆನ್ನು ಹತ್ತಿ ಕೆಟ್ಟವು, ಅದೂ ಒಳ್ಳೆಯ ಕಾಲದಲ್ಲಿ.

ದೊಡ್ಡವು ಬೀಳುವುದಿಲ್ಲವೇ? 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಠೇವಣಿದಾರರಿಗೂ 50,000 ರೂಪಾಯಿಯ ಮಿತಿ ಬಿತ್ತು. ಸ್ಟೇಟ್ ಬ್ಯಾಂಕ್ ಮುಂದಾಳತ್ವದಲ್ಲಿ ಬಂಡವಾಳ ಸುರಿದು, ಮಾರ್ಚ್ 18ಕ್ಕೆ ಆ ಮಿತಿ ತೆಗೆದರು. ಹದಿಮೂರು ದಿನ. ಪಿಎಂಸಿ ಠೇವಣಿದಾರರು ಹೊಸ ಬ್ಯಾಂಕು ಕಾಣಲು 2022ರ ಜನವರಿವರೆಗೆ ಕಾಯಬೇಕಾಯಿತು, ದೊಡ್ಡ ಠೇವಣಿಗಳ ಕೊನೆಯ ಕಂತು ಹತ್ತು ವರ್ಷದ ಆಚೆಗೆ ಹೋಯಿತು. ದೊಡ್ಡದು ಬಿದ್ದರೆ ಎತ್ತುತ್ತಾರೆ, ಸಣ್ಣದು ಬಿದ್ದರೆ ಕಾಯಿಸುತ್ತಾರೆ. ಇದನ್ನೇ ನಾವು ದೊಡ್ಡದರ ಗಟ್ಟಿತನ ಎಂದು ತಿಳಿದುಕೊಂಡಿದ್ದೇವೆ.

ಠೇವಣಿ ಇಡುವವರಿಗೆ ಇಲ್ಲಿಯೇ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ತಾಲ್ಲೂಕುಗಳಲ್ಲಿ ಇದು ಬಹಳ ಜನಕ್ಕೆ ಗೊತ್ತಿಲ್ಲ. 2020ರ ಫೆಬ್ರುವರಿಯಲ್ಲಿ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿದ ಠೇವಣಿ ವಿಮೆ ಪರವಾನಗಿ ಇರುವ ಬ್ಯಾಂಕುಗಳಿಗೆ ಮಾತ್ರ. ಸಹಕಾರ ಬ್ಯಾಂಕುಗಳೂ ಅದರೊಳಗಿವೆ. ಬೋರ್ಡಿನ ಮೇಲೆ 'ಪತ್ತಿನ ಸಹಕಾರಿ' ಎಂದಿರುವ ಸಂಘಗಳಿಗೆ ಅದು ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಹೆಚ್ಚೆಂದು ಮಗಳ ಮದುವೆಯ ದುಡ್ಡು ಅಲ್ಲಿಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ದೊಡ್ಡ ಬ್ಯಾಂಕಿನ ಪರವಾಗಿ ಇರುವ ಅತ್ಯಂತ ಬಲವಾದ ವಾದ ಅಮೆರಿಕ–ಕೆನಡಾಗಳದು, ಅದನ್ನು ಮುಚ್ಚಿಡುವುದು ಸರಿಯಲ್ಲ. 1930ರಿಂದ 1933ರ ನಡುವೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಹೆಚ್ಚಿನವು ಒಂದೇ ಊರಿನ, ಶಾಖೆಗಳಿಲ್ಲದ ಸಣ್ಣ ಬ್ಯಾಂಕುಗಳು. ಕೆನಡಾದಲ್ಲಿ ಶಾಖೆಗಳ ಜಾಲವಿದ್ದ ಕೆಲವೇ ದೊಡ್ಡ ಬ್ಯಾಂಕುಗಳಿದ್ದವು, ಒಂದೂ ಬೀಳಲಿಲ್ಲ. ಊರಿಗೆ ಒಂದೇ ಬೆಳೆ, ಬ್ಯಾಂಕಿಗೆ ಒಂದೇ ಊರು ಆದರೆ ಬೆಳೆಯ ಜೊತೆ ಬ್ಯಾಂಕೂ ಹೋಗುತ್ತದೆ ಎಂಬುದು ಇದರಿಂದ ಸ್ಪಷ್ಟ. ಇಲ್ಲಿಯವರೆಗೆ ವಾದ ಸರಿ. ಆದರೆ ಆ ವರ್ಷಗಳಲ್ಲಿ ಕೆನಡಾದ ಗೋಧಿ ಪ್ರಾಂತ್ಯಗಳ ಊರುಗಳಿಂದ ಅದೇ ಗಟ್ಟಿ ಬ್ಯಾಂಕುಗಳು ಶಾಖೆ ಮುಚ್ಚಿಕೊಂಡು ಹೋದವು. ಸಸ್ಕಾಚೆವಾನ್ ಪ್ರಾಂತ್ಯ 1937ರಲ್ಲಿ ಸಾಲ ಸಹಕಾರ ಸಂಘಗಳಿಗೆ ಕಾನೂನು ಮಾಡಿ, ರೈತರು ತಾವೇ ಸಂಘ ಕಟ್ಟಿಕೊಳ್ಳಲು ದಾರಿ ತೆರೆಯಿತು. ಬ್ಯಾಂಕು ಉಳಿಯಿತು, ಊರಲ್ಲಿ ಉಳಿಯಲಿಲ್ಲ. ನಮ್ಮಲ್ಲೂ ವಿಜಯಾ ಬ್ಯಾಂಕ್ ಹುಟ್ಟಿದ್ದು 1931ರ ಅಕ್ಟೋಬರ್‌ನಲ್ಲಿ, ಮಹಾ ಕುಸಿತದ ನಟ್ಟನಡುವೆ, ಎ.ಬಿ. ಶೆಟ್ಟಿ ಮತ್ತು ಬಂಟ ಸಮುದಾಯದ ರೈತರಿಂದ. ಕಷ್ಟಕಾಲ ಸ್ಥಳೀಯ ಬ್ಯಾಂಕನ್ನು ಕೊಲ್ಲುತ್ತದೆ ಎನ್ನುವವರು, ಎಷ್ಟು ಸ್ಥಳೀಯ ಬ್ಯಾಂಕುಗಳು ಕಷ್ಟಕಾಲದಲ್ಲೇ ಹುಟ್ಟಿದವು ಎಂದೂ ಎಣಿಸಬೇಕು.

ಸಹಕಾರ ಸಪ್ತಾಹದ ಭಾಷಣಕ್ಕೂ ಉತ್ತರ ಕೊಡಬೇಕಲ್ಲ. ಅದರ ಮುಖ್ಯ ಆಧಾರ ವಸೂಲಾತಿ. ಬರ ಬಂದರೂ ನಮ್ಮ ಸಂಘದ ವಸೂಲಿ ಶೇ 95 ದಾಟಿದೆ ಎಂದು ವಾರ್ಷಿಕ ಮಹಾಸಭೆಯಲ್ಲಿ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಈ ಅಂಕಿಯ ಹಿಂದೆ ಏನು ನಡೆಯುತ್ತದೆ ಎಂಬುದು ಸೊಸೈಟಿಯಲ್ಲಿ ಸಾಲ ಇರುವ ಪ್ರತಿಯೊಬ್ಬರಿಗೂ ಗೊತ್ತು. ಕರ್ನಾಟಕದಲ್ಲಿ ಬೆಳೆಸಾಲಕ್ಕೆ ಶೂನ್ಯ ಬಡ್ಡಿ. ಮೂರು ಲಕ್ಷದವರೆಗೆ ಇದ್ದ ಮಿತಿಯನ್ನು 2023ರ ಬಜೆಟ್ ಐದು ಲಕ್ಷಕ್ಕೆ ಏರಿಸಿತು. ಷರತ್ತು ಒಂದೇ, ಗಡುವಿನೊಳಗೆ ಕಟ್ಟಬೇಕು. ಗಡುವು ತಪ್ಪಿದರೆ ಬಡ್ಡಿ ಬೀಳುತ್ತದೆ, ಸುಸ್ತಿದಾರ ಎಂಬ ಹೆಸರು ಬರುತ್ತದೆ, ಮುಂದಿನ ಸಾಲ ನಿಲ್ಲುತ್ತದೆ. ಬೆಳೆ ಬರದ ವರ್ಷ ರೈತ ಗಡುವಿನೊಳಗೆ ಕಟ್ಟುವುದಾದರೂ ಹೇಗೆ? ಊರಿನಲ್ಲೇ ಯಾರಿಂದಲೋ ಕೈಗಡ ತಂದು ಕಟ್ಟುತ್ತಾನೆ, ಕೆಲವು ದಿನದಲ್ಲಿ ಸೊಸೈಟಿ ಅದೇ ಸಾಲ ಮತ್ತೆ ಕೊಡುತ್ತದೆ, ಆ ದುಡ್ಡು ಕೈಗಡ ಕೊಟ್ಟವರಿಗೆ ಹೋಗುತ್ತದೆ. ಸೊಸೈಟಿ ಸಾಲ ಕೊಡುವುದು ನಾಲ್ಕು ದಿನ ತಡವಾದರೆ ಆ ನಾಲ್ಕು ದಿನದ ಬಡ್ಡಿ ರೈತನದು. ಲೆಡ್ಜರ್ ಮಾತ್ರ ಸ್ವಚ್ಛ. ವಸೂಲಿ ನೂರಕ್ಕೆ ತೊಂಬತ್ತೈದು, ಹೊಸ ಸಾಲ ವಿತರಣೆಯೂ ಗುರಿ ಮುಟ್ಟಿದೆ.

ಇದನ್ನು ಸಂಘದ ಕಾರ್ಯದರ್ಶಿಯ ಕುತಂತ್ರ ಎಂದು ನಾನು ಬಗೆಯುವುದಿಲ್ಲ. ಬಹಳ ಕಡೆ ಅದು ಅವರು ಸದಸ್ಯನನ್ನು ಉಳಿಸುವ ದಾರಿಯೇ ಆಗಿದೆ. ಮೇಲಿನಿಂದ ಬಂದ ನಿಯಮಕ್ಕೆ ಊರು ಕಂಡುಕೊಂಡ ಉಪಾಯ. ಆದರೆ ಪರಿಣಾಮ ನೋಡಿ. ಕೆಟ್ಟ ವರ್ಷದ ಭಾರ ಹೊರುವವನು ಆ ಕೆಲವು ದಿನ ದುಡ್ಡು ಕೊಟ್ಟ ಖಾಸಗಿ ಲೇವಾದೇವಿದಾರ, ಅವನ ಬಡ್ಡಿ ಹೊರುವವನು ರೈತ. ಹಿಂಜರಿತವನ್ನು ತಡೆದುಕೊಂಡೆ ಎಂದು ಹೇಳಿಕೊಳ್ಳುವುದು ಸಂಘ. ಅಸಲು ಸಾಲ ಒಂದು ಪೈಸೆಯೂ ಕರಗಿಲ್ಲ, ರೈತನಿಗೆ ಹೊಸದಾಗಿ ಒಂದು ಚೀಲ ಗೊಬ್ಬರದ ದುಡ್ಡೂ ಸಿಕ್ಕಿಲ್ಲ. ಮೆಣಸಿನಕಾಯಿಗೆ ಎಕರೆಗೆ ಲಕ್ಷ ರೂಪಾಯಿ ದಾಟುವ ಖರ್ಚಿದೆ. ಅದನ್ನು ಕೊಡುವವರು ಗೊಬ್ಬರ ಅಂಗಡಿಯವರು, ದಲಾಲಿ ಅಂಗಡಿಯವರು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಇಪ್ಪತ್ತನಾಲ್ಕು; ಅದರ ಮೇಲೆ ಮಾಲು ಅವರ ಅಂಗಡಿಗೇ ಹಾಕಬೇಕೆಂಬ ಕಟ್ಟು. ಅಲ್ಲಿಯೂ ಹುಟ್ಟದಿದ್ದರೆ ಮನೆಯ ಹೆಣ್ಣುಮಕ್ಕಳ ಹೆಸರಿನಲ್ಲಿ ಮೈಕ್ರೋ ಫೈನಾನ್ಸ್. ಆ ಸಾಲಗಳ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಸೊಸೈಟಿ ತಡೆದುಕೊಂಡ ಹಿಂಜರಿತ ಎಲ್ಲಿಗೆ ಹೋಯಿತು ಎಂದು ಕೇಳುವವರು ಆ ಸುಗ್ರೀವಾಜ್ಞೆ ಯಾಕೆ ಬಂತೆಂದು ನೋಡಲಿ.

ಜನರನ್ನು ಬಲ್ಲದು ಎಂಬ ಮಾತಿಗೂ ಮಿತಿಯಿದೆ. ಯಾರ ಹೊಲಕ್ಕೆ ನೀರು ಹತ್ತುತ್ತದೆ, ಯಾರು ಕಾಲುವೆಯ ಕೊನೆಭಾಗದಲ್ಲಿದ್ದಾರೆ, ಯಾರು ಗುತ್ತಿಗೆ ಹೊಲ ಮಾಡುತ್ತಾರೆ ಎಂಬುದೆಲ್ಲ ಸಂಘಕ್ಕೆ ಗೊತ್ತು, ಇದು ಯಾವ ದೊಡ್ಡ ಬ್ಯಾಂಕಿಗೂ ಇಲ್ಲದ ಬಲ. ಆದರೆ ಸಾಲ ಪಹಣಿ ನೋಡಿ ಕೊಡುವುದು. ಗುತ್ತಿಗೆ ರೈತ ಕಣ್ಣೆದುರೇ ದುಡಿಯುತ್ತಿದ್ದರೂ ಪಹಣಿಯಲ್ಲಿ ಅವನ ಹೆಸರಿಲ್ಲ, ಅವನಿಗೆ ಸಾಲವಿಲ್ಲ. ನಿರ್ದೇಶಕರ ಬಂಧುವಿನ ಬಾಕಿ ಕೇಳುವಾಗಲೂ ಇದೇ ಪರಿಚಯ ಬಾಯಿ ಕಟ್ಟುತ್ತದೆ. ಬಲ್ಲೆವು ಎಂದರೆ ಸಾಲದು, ಬಲ್ಲದ್ದನ್ನು ಬಳಸುವ ಅಧಿಕಾರವೂ ಧೈರ್ಯವೂ ಬೇಕು.

ಹಾಗಾದರೆ ಕೆಟ್ಟ ವರ್ಷದಲ್ಲಿ ಸ್ಥಳೀಯ ಬ್ಯಾಂಕಿನ ಕೈ ಕಟ್ಟುವವರು ಯಾರು? ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಕೈ ಕಟ್ಟುವವರು ಬಹುಪಾಲು ಮೇಲಿನವರು. 2016ರ ನವೆಂಬರ್ 8ರಂದು ಐನೂರು, ಸಾವಿರದ ನೋಟು ರದ್ದಾದವು. ನವೆಂಬರ್ 14ರಂದು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳು ಆ ನೋಟು ತೆಗೆದುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಹಿಂಗಾರಿ ಬಿತ್ತನೆಯ ಹೊತ್ತು. ರೈತನ ಖಾತೆ ಇದ್ದ ಬ್ಯಾಂಕಿಗೇ ಅವನ ನೋಟು ಮುಟ್ಟುವ ಹಕ್ಕಿರಲಿಲ್ಲ. ಆ ನಾಲ್ಕೈದು ದಿನದಲ್ಲಿ ಈ ಬ್ಯಾಂಕುಗಳು ತೆಗೆದುಕೊಂಡಿದ್ದ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಕಟ್ಟಲು ಅವಕಾಶ ಸಿಕ್ಕಿದ್ದು 2017ರ ಜೂನ್‌ನಲ್ಲಿ. ಏಳು ತಿಂಗಳು ಸತ್ತ ಕಾಗದ ತಿಜೋರಿಯಲ್ಲಿಟ್ಟುಕೊಂಡು ಕೂತ ಬ್ಯಾಂಕು ಎಷ್ಟು ಸಾಲ ಕೊಟ್ಟೀತು? ಅದೇ ಜೂನ್‌ನಲ್ಲಿ ರಾಜ್ಯ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲವನ್ನು 50,000 ರೂಪಾಯಿವರೆಗೆ ಮನ್ನಾ ಮಾಡಿತು, ಮರುವರ್ಷ ಇನ್ನೊಂದು ಸರ್ಕಾರ ಒಂದು ಲಕ್ಷದವರೆಗೆ. ಸಾಲಮನ್ನಾ ರೈತನಿಗೆ ಸಲ್ಲಬಾರದ ಉಪಕಾರವೆಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ಉದ್ಯಮಿಗಳ ಸಾವಿರಾರು ಕೋಟಿಯ ಸಾಲ ಲೆಕ್ಕದಿಂದ ತೆಗೆದುಹಾಕುವ ದೇಶದಲ್ಲಿ ಅದನ್ನು ಹೇಳುವ ಬಾಯಿ ನನಗಿಲ್ಲ. ಆದರೆ ಘೋಷಣೆಗೂ ಸಂಘದ ಖಾತೆಗೆ ದುಡ್ಡು ಬರುವುದಕ್ಕೂ ನಡುವೆ ಹೋಗುವ ತಿಂಗಳುಗಳಲ್ಲಿ ಕಟ್ಟುವವರು ಕಟ್ಟುವುದಿಲ್ಲ, ಕೊಡಬೇಕಾದ ಸಂಘದ ಕೈ ಬರಿದು.

2024 ಇದಕ್ಕಿಂತ ಸ್ಪಷ್ಟ. ಆ ವರ್ಷ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಲೆ ಬಿದ್ದು, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಮಾಲು ತಂದಿದ್ದ ರೈತರ ಸಿಟ್ಟು ಎಪಿಎಂಸಿಯ ವಾಹನಗಳಿಗೆ ಬೆಂಕಿಯಾಗಿ ಹತ್ತಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಡ್ಯಾಮಿನ ನೀರು ಹೊಳೆಗೆ ಹರಿದು ಹೋಗುವುದನ್ನು ನಾಲ್ಕು ಜಿಲ್ಲೆಯ ಜನ ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಾರರು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದ್ದರಿಂದ ಬೆಳೆ ಉಳಿಯಿತು. ಬೆಲೆಯ ಪೆಟ್ಟು ತಿಂದು, ನೀರಿನ ಭಯದಲ್ಲಿದ್ದ ಅದೇ ಸಾಲಿನಲ್ಲಿ ನಬಾರ್ಡ್ ಕರ್ನಾಟಕದ ಸಹಕಾರ ಬೆಳೆಸಾಲಕ್ಕೆ ಕೊಡುವ ರಿಯಾಯಿತಿ ದರದ ಮರುಹಣಕಾಸಿನ ಮಿತಿ 5,600 ಕೋಟಿಯಿಂದ 2,340 ಕೋಟಿಗೆ ಇಳಿಯಿತು. ನವೆಂಬರ್‌ನಲ್ಲಿ ಮುಖ್ಯಮಂತ್ರಿ ದೆಹಲಿಗೆ ಹೋಗಿ ಹಣಕಾಸು ಸಚಿವರನ್ನು ಕಂಡು ಕೇಳಬೇಕಾಯಿತು. ಬಾದನಹಟ್ಟಿ, ಸಿರುಗುಪ್ಪ, ಕಂಪ್ಲಿಯ ಕಡೆಯ ಸಂಘದಲ್ಲಿ ಆ ವರ್ಷ 'ಮೇಲಿಂದ ದುಡ್ಡು ಬಂದಿಲ್ಲ' ಎಂಬ ಉತ್ತರ ಕೇಳಿದ ರೈತ, ಸೊಸೈಟಿ ಕೆಟ್ಟಿತೆಂದೇ ತಿಳಿದಾನು. ಅವನ ತಪ್ಪಲ್ಲ. ಅವನಿಗೆ ಕಾಣುವುದು ಎದುರಿನ ಕಿಟಕಿ.

ಬಂಡವಾಳವೆಲ್ಲ ಮೇಲಿನಿಂದ ಬರುವಾಗ ಸಂಘ ಸ್ಥಳೀಯವಾಗಿರುವುದು ಬೋರ್ಡಿನಲ್ಲಿ ಮಾತ್ರ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದ ಅರ್ಥ ಊರವರ ಉಳಿತಾಯ ಊರವರಿಗೆ ಎಂದಿತ್ತು. ಇಂದು ಒಳ್ಳೆಯ ಬೆಲೆ ಬಂದ ವರ್ಷದ ಮೆಣಸಿನಕಾಯಿ ದುಡ್ಡು ಊರಿನ ಸೊಸೈಟಿಗೆ ಠೇವಣಿಯಾಗಿ ಬರುವುದಿಲ್ಲ. ಬಳ್ಳಾರಿಯ ಸೈಟು, ಟ್ರ್ಯಾಕ್ಟರು, ಚಿನ್ನ, ದೊಡ್ಡ ಬ್ಯಾಂಕಿನ ಎಫ್‌ಡಿ ಆಗುತ್ತದೆ. ದುಡ್ಡಿದ್ದರೆ ದೊಡ್ಡ ಬ್ಯಾಂಕಿನಲ್ಲಿಡಿ ಎಂಬ ಬುದ್ಧಿವಾದ ಇಲ್ಲಿ ತನ್ನ ಭವಿಷ್ಯವನ್ನು ತಾನೇ ನಿಜ ಮಾಡಿಕೊಳ್ಳುತ್ತದೆ.

ವಿಲೀನವೇ ಪರಿಹಾರ ಎನ್ನುವವರಿಗೆ ಬಳ್ಳಾರಿಯಲ್ಲೇ ಒಂದು ಪರೀಕ್ಷೆಯಿದೆ. 1976ರ ಜನವರಿಯಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಿಂದ ಧಾರವಾಡದ ವಿಕಾಸ ಗ್ರಾಮೀಣವೂ ಸೇರಿ ಇಡೀ ರಾಜ್ಯಕ್ಕೆ ಅದೊಂದೇ. ಪ್ರಧಾನ ಕಚೇರಿ ಇಂದಿಗೂ ಬಳ್ಳಾರಿಯೇ. ಅದು ಗಟ್ಟಿಯಾಗಿದೆ, ನಾನು ಅಲ್ಲಗಳೆಯುವುದಿಲ್ಲ. ಒಂದು ಕಾಲುವೆಯ ನೀರು ನಿಂತರೆ ಅಷ್ಟು ದೊಡ್ಡ ಬ್ಯಾಂಕು ನಡುಗಬೇಕಾಗಿಲ್ಲ. ಆದರೆ ನಡುಗದ ಬ್ಯಾಂಕಿಗೆ ಆ ಕಾಲುವೆಯ ಸುದ್ದಿ ತುರ್ತಾಗಿ ಮುಟ್ಟುವ ಕಾರಣವೂ ಇಲ್ಲ. ಕೆಲವು ವರ್ಷಕ್ಕೊಮ್ಮೆ ವರ್ಗವಾಗುವ ಮ್ಯಾನೇಜರ್ ಕಾಗದ ನೋಡಿಯೇ ಸಾಲ ಕೊಡಬೇಕು, ಬೇರೆ ಮಾಡಿದರೆ ಅವರ ನೌಕರಿಗೇ ಸಂಚಕಾರ.

ಅಪಾಯ ಹಂಚಿಕೊಳ್ಳುವುದಕ್ಕೆ ಇಡೀ ರಾಜ್ಯ ಬೇಕಿಲ್ಲ. ಹೊಸಪೇಟೆಯಲ್ಲಿ ಪ್ರಧಾನ ಕಚೇರಿಯಿರುವ ಬಳ್ಳಾರಿ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನ (ಬಿಡಿಸಿಸಿ) ವ್ಯಾಪ್ತಿ ನೋಡಿ. ಪೂರ್ವಕ್ಕೆ ಸಿರುಗುಪ್ಪ, ಕುರುಗೋಡು, ಕಂಪ್ಲಿಯ ನೀರಾವರಿ. ಪಶ್ಚಿಮಕ್ಕೆ ಕೂಡ್ಲಿಗಿ, ಕೊಟ್ಟೂರಿನ ಶೇಂಗಾ, ಮೆಕ್ಕೆಜೋಳ, ಸಜ್ಜೆಯ ಒಣಬೇಸಾಯ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದರೂ ಈ ಎರಡು ಬಗೆಯ ಭೂಮಿ ಒಂದೇ ಬ್ಯಾಂಕಿನಲ್ಲಿರುವುದು ಪುಣ್ಯ. ಕೂಡ್ಲಿಗಿಗೆ ಮಳೆ ತಪ್ಪಿದ ವರ್ಷ ಮಲೆನಾಡಿನಲ್ಲಿ ಮಳೆಯಾಗಿ ಡ್ಯಾಮು ತುಂಬಬಹುದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಿದ್ದ ವರ್ಷ ಮೆಕ್ಕೆಜೋಳ ನಿಲ್ಲಬಹುದು. ಹಳ್ಳಿಗೆ ಸಂಘ, ಅದರ ಮೇಲೆ ಇಷ್ಟು ಅಗಲದ ಕೇಂದ್ರ ಬ್ಯಾಂಕು ಎಂಬ ರಚನೆ ಹಳತಾಯಿತೆಂದು ಒಡೆಯಲು ಹೊರಡುವವರು, ಅದನ್ನು ಕಟ್ಟಿದವರಿಗೆ ಈ ಲೆಕ್ಕ ಗೊತ್ತಿತ್ತು ಎಂಬುದನ್ನು ಗಮನಿಸಬೇಕು. ಒಂದು ಎಚ್ಚರಿಕೆಯೂ ಬೇಕು. 2008ರಲ್ಲಿ ಅಮೆರಿಕದ ಊರೂರಿನ ಸಾಲ ಸಹಕಾರ ಸಂಘಗಳು ಬಹುತೇಕ ಉಳಿದು ನಿಂತವು, ಆದರೆ ಅವುಗಳ ಹೆಚ್ಚುವರಿ ಹಣವನ್ನು ಇಟ್ಟುಕೊಂಡಿದ್ದ ಮೇಲಿನ ಹಂತದ ಸಂಸ್ಥೆಗಳು ದೂರದ ಮನೆಸಾಲದ ಪತ್ರಗಳಲ್ಲಿ ಹೂಡಿ ಕೆಟ್ಟವು. 2009ರ ಮಾರ್ಚ್‌ನಲ್ಲಿ ಅಂಥ ಎರಡು ದೊಡ್ಡ ಸಂಸ್ಥೆಗಳನ್ನು ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳಬೇಕಾಯಿತು. ಕೇಂದ್ರ ಬ್ಯಾಂಕು ತನ್ನ ತಾಲ್ಲೂಕುಗಳ ಕಡೆ ಮುಖಮಾಡಿರುವವರೆಗೆ ಮಾತ್ರ ಈ ವಾದ ನಿಲ್ಲುತ್ತದೆ.

ಕೊನೆಗೆ ಒಂದು ನಿಯಮದ ಬಗ್ಗೆ. ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ, ನೈಸರ್ಗಿಕ ವಿಕೋಪದಲ್ಲಿ ಬೆಳೆ ಶೇ 33 ಅಥವಾ ಹೆಚ್ಚು ಹಾಳಾದರೆ ಬೆಳೆಸಾಲವನ್ನು ಕಂತುಗಳ ಸಾಲವಾಗಿ ಬದಲಿಸಿ ಹೊಸ ಸಾಲ ಕೊಡಲು ಅವಕಾಶ ಮಾಡಿತು. ಕೆಟ್ಟ ವರ್ಷ ರೈತನಿಗೆ ಬೇಕಾದ್ದು ಇದೇ. ಆದರೆ ಬೆಲೆ ಕುಸಿತ ನೈಸರ್ಗಿಕ ವಿಕೋಪವಲ್ಲ. ಹೊಲ ತುಂಬ ಬೆಳೆದು, ಕೋಲ್ಡ್ ಸ್ಟೋರೇಜಿನಲ್ಲಿ ಚೀಲ ಒಟ್ಟಿ, ಖರ್ಚೂ ಹುಟ್ಟದ ದರ ನೋಡುತ್ತಾ ಕೂತವನಿಗೆ ಈ ನಿಯಮದಲ್ಲಿ ಜಾಗವಿಲ್ಲ. ಮೆಣಸಿನಕಾಯಿಗೆ ಬೆಂಬಲ ಬೆಲೆಯೂ ಇಲ್ಲ. 2025ರ ಫೆಬ್ರುವರಿಯಲ್ಲಿ ಆಂಧ್ರದ ಬೆಳೆಗಾರರಿಗೆ ಕೇಂದ್ರ ಕ್ವಿಂಟಲ್‌ಗೆ 11,781 ರೂಪಾಯಿಯ ಮಧ್ಯಪ್ರವೇಶ ದರ ಘೋಷಿಸಿದಾಗ ಗಡಿಯ ಈಚೆಯವರು ಅದನ್ನೇ ಕೇಳಿದರು. 1930ರ ದಶಕದಲ್ಲಿ ಫಸಲಿನ ಬೆಲೆ ನೆಲಕಚ್ಚಿ ಸಾಲದ ಭಾರ ತಾನಾಗಿಯೇ ಇಮ್ಮಡಿಸಿದಾಗ, ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತ್ಯದಲ್ಲಿ ರಾಜಾಜಿ ಸರ್ಕಾರ 1938ರಲ್ಲಿ ರೈತರ ಸಾಲ ಪರಿಹಾರದ ಕಾಯ್ದೆ ತಂದಿತು. ಬೆಲೆ ಕುಸಿತವೂ ವಿಕೋಪವೇ ಎಂದು ಆಗ ಒಪ್ಪಿದ್ದರು. ಬ್ಯಾಡಗಿ ಮಾರುಕಟ್ಟೆಯ ದರ ದಿನದಿನವೂ ದಾಖಲಾಗುತ್ತದೆ. ಹಿಂದಿನ ಮೂರು ವರ್ಷದ ಸರಾಸರಿಗಿಂತ ಮೂರನೇ ಒಂದು ಪಾಲು ದರ ಬಿದ್ದರೆ, ಮಂತ್ರಿಗಳ ಘೋಷಣೆಗೆ ಕಾಯದೆ ಸಾಲವನ್ನು ಕಂತಿಗೆ ತಿರುಗಿಸಿ ಹೊಸ ಸಾಲ ಕೊಡುವ ಅಧಿಕಾರ ಕೇಂದ್ರ ಬ್ಯಾಂಕಿಗೆ ಇರಬೇಕು, ಅಂಥ ವರ್ಷ ನಬಾರ್ಡ್ ಮಿತಿ ಇಳಿಸಬಾರದು ಎಂಬ ಷರತ್ತೂ ಜೊತೆಗಿರಬೇಕು. ಬಳ್ಳಾರಿ ಮತ್ತು ವಿಜಯನಗರದ ಶಾಸಕರು, ಬಿಡಿಸಿಸಿ ಬ್ಯಾಂಕಿನ ನಿರ್ದೇಶಕರು ಮುಂದಿನ ಮೆಣಸಿನಕಾಯಿ ಸುಗ್ಗಿಗೆ ಮೊದಲು ಕೇಳಬೇಕಾದ್ದು ಇದನ್ನು.